ಜಾಕೋಬ್ ಪೊರ್ಬುಗಳ ಎರಡು ಪರ್ಸೆಂಟು

ಹೆತ್ತೂರಿನ ಜಾಕೋಬ್ ಪೊರ್ಬುಗಳು ಬೆಳಿಗ್ಗೆ ಎದ್ದವರೇ ಊರಿಗೆಲ್ಲ ಸಾರಿದರು: "ನಸುಕಲ್ಲಿ ನಮ್ಮ ಕಾಫಿ ಕಣಕ್ಕೆ ಒಂಟಿ ಸಲಗ ಬಂದಿತ್ತು. ಸೊಂಡಿಲೆತ್ತಿ ನಂಗೆ ಸಲಾಮು ಹೊಡೀತು!"

ಪಕ್ಕದ ತೋಟದ ಬಸವರಾಜು ಬಿಡುತ್ತಾನೆಯೇ? "ಹೋದ್ವರ್ಷ ಹುಲಿ ನಿಮ್ ನಾಯಿ ಜೊತೆ ಆಟ ಆಡ್ತು ಅಂದಿದ್ರಿ. ಕಣದ ಕ್ಯಾಮೆರಾದಲ್ಲಿ ತೋರ್ಸಿ. ಇಲ್ದಿದ್ರೆ ಇನ್ಮೇಲೆ ಹೋಟ್ಲಲ್ಲಿ ಬಾಯಿ ಬಿಡ್ಬಾರ್ದು, ಆಯ್ತಾ?"

ಬಾಯಿ ಬಿಡದ ಪೊರ್ಬುಗಳೆಂದರೆ ಮಳೆಯಿಲ್ಲದ ಹೆತ್ತೂರು. ಮಾನದ ಪ್ರಶ್ನೆ!

ಆದರೆ ಕ್ಯಾಮೆರಾದ ವಿಡಿಯೊ ಸೇರುವುದು ಮನೆಯ ಕಂಪ್ಯೂಟರಿಗೆ. ಅಲ್ಲಿಂದ ತಾನಾಗಿಯೇ ನೆಟ್ಟಿಗೆ ಬ್ಯಾಕಪ್ ಆಗುವಂತೆ ಅಳಿಯ ಜೋ ಮಾಡಿಟ್ಟಿದ್ದ. ಹಿಂದೊಮ್ಮೆ ಪೊರ್ಬುಗಳು ನಡುವೆ ಕೈಹಾಕಿ, ಮಗಳು ರೊವೀನಾಳ ಮದುವೆ ಫೋಟೊಗಳೆಲ್ಲ ಮಾಯವಾಗಿದ್ದವು. ಅಂದಿನಿಂದ, ಬ್ಯಾಕಪ್ ಮುಗಿಯದೆ ಏನನ್ನೂ ತೆರೆಯಕೂಡದೆಂದು ಹೆಂಡತಿ ಕಾನ್ಸೆಪ್ಟಾಳ ಕಟ್ಟಪ್ಪಣೆ.

ಬ್ಯಾಕಪ್ಪೋ, ಎರಡು ಪರ್ಸೆಂಟು! ಅದರ ಮುಂದೆ ಬಸವನಹುಳುವೂ ಓಟದ ಕುದುರೆ.

ನೆಟ್ಟಿಗೆ ಇದ್ದದ್ದು ಪೊರ್ಬುಗಳ ಮೊಬೈಲೊಂದೇ. ಸಿಗ್ನಲ್ ಸಿಗಲೆಂದು ಅದನ್ನು ಬಟ್ಟೆ ಚೀಲದಲ್ಲಿ ಹಾಕಿ ಕಿಟಕಿಯಾಚೆಯ ಸಿಲ್ವರ್ ಮರಕ್ಕೆ ನೇತುಹಾಕಿದರು. ವಿಡಿಯೊ ನೋಡಲು ಬಸವರಾಜುವಿನ ಜೊತೆ ಬಂದಿದ್ದ ಅವನ ಹೆಂಡತಿ ದ್ರಾಕ್ಷಾಯಣಿ ಕಂಪ್ಯೂಟರಿಗೆ ವಿಭೂತಿ ಹಚ್ಚಿದಳು; ಇನ್ನೊಂದು ಪಕ್ಕ ಕಾನ್ಸೆಪ್ಟಾ ಜಪಮಾಲೆ ಹಿಡಿದು ಕೂತಳು. ಮೂರು ಪರ್ಸೆಂಟು.

"ಅಲ್ರೀ, ಕ್ಯಾಮೆರಾ ಇನ್ನೂ ತುಂಬ್ತಾನೇ ಐತೆ. ಮೇಲಿಂದ ಭತ್ತ ಸುರೀತಾನೇ ಇದ್ರೆ ರಾಶಿ ಅಳ್ದು ಮುಗಿಯೋದುಂಟಾ?" ಎಂದ ಬಸವರಾಜು, ಕ್ಯಾಮೆರಾದ ವೈರನ್ನೇ ಕಿತ್ತು ಹೆಗಲಿಗೆ ಹಾಕಿಕೊಂಡ. ನಾಲ್ಕಕ್ಕೆ ಬಂದು ಮತ್ತೆ ನಿಂತಿತು. ಪೊರ್ಬುಗಳೊಬ್ಬರನ್ನು ಬಿಟ್ಟು ಎಲ್ಲರೂ ಹಿಂದಿನ ಅಡುಗೆಮನೆಗೆ ಕಾಫಿಗೆ ಹೋದರು.

ಆಗ ಕಿಟಕಿ ಕತ್ತಲಾಯಿತು.

ಬಿಸಿಲೆ ಘಾಟಿಯ ಬೆಟ್ಟವೊಂದು ಕಾಲು ಬಂದು ನಡೆದಂತೆ, ಸಲಗ! ಅದರ ಒಂದು ಉಸಿರಿಗೆ ಅಂಗಳದ ಮಂಜೆಲ್ಲ ಸರಿದು ದಾರಿ ಬಿಟ್ಟಿತು. ಪೊರ್ಬುಗಳಿಗೆ ಹುಟ್ಟಿದಾಗಿನಿಂದ ಮೊದಲ ಸಲ ಮಾತೇ ಹೊರಡಲಿಲ್ಲ. ಸಲಗ ಚೀಲವನ್ನು ಮೆಲ್ಲಗೆ ಬಿಡಿಸಿಕೊಂಡು, ಮೂಸಿ, ಸೊಂಡಿಲನ್ನು ಆಕಾಶಕ್ಕೆ ಎತ್ತಿ ಹಿಡಿಯಿತು. ಆ ಎತ್ತರದಲ್ಲಿ ಅದೆಂಥ ಸಿಗ್ನಲ್ಲೋ! ಇಪ್ಪತ್ತು, ಅರವತ್ತು, ನೂರು! ಚೀಲವನ್ನು ಮತ್ತೆ ಅದೇ ಕೊಂಬೆಗೆ ಸಿಕ್ಕಿಸಿ, ಬಂದ ಕೆಲಸ ಮುಗಿಸಿದ ನೆಂಟನ ಹಾಗೆ ಮಂಜಿನೊಳಗೆ ಹೊರಟುಹೋಯಿತು.

ಎಲ್ಲರೂ ಲೋಟ ಹಿಡಿದೇ ಓಡಿ ಬಂದರು.

"ನೂರು! ಹೆಂಗಾಯ್ತು ಮಾರಾಯ್ರೇ?"

"ಆನೆ... ಈಗಷ್ಟೇ ಬಂದು... ಮೊಬೈಲು ಎತ್ತಿ ಹಿಡೀತು."

ಎಲ್ಲರೂ ಕಂಪ್ಯೂಟರಿಗೆ ಮುಗಿಬಿದ್ದರು. ವಿಡಿಯೊ ತೆರೆದರು. ನಸುಕಿನಿಂದ ಕೊನೆಯವರೆಗೂ ಬರೀ ಮಂಜು, ಹಾಲಿನ ಕ್ಯಾನಿನೊಳಗೆ ಇಣುಕಿದ ಹಾಗೆ.

ಬಸವರಾಜು ಹೆಗಲ ಮೇಲಿನ ವೈರಿನಲ್ಲೇ ಕಣ್ಣೀರು ಒರೆಸಿಕೊಳ್ಳುತ್ತ ನಕ್ಕ: "ಬೆಳಿಗ್ಗೆ ಒಂದೇ ಆನೆ ಇತ್ತು ಕಣ್ರೀ. ನಾವ್ ಕಾಫಿ ಕುಡ್ದು ಬರೋದ್ರೊಳಗೆ ಅದ್ಕೂ ಬ್ಯಾಕಪ್ ಆಗ್ಬುಟ್ಟೈತೆ!"