ನೀರಣ್ಣ ಹಿಡಿದ ಚಂದ್ರ

ಜಗಳ ಶುರುವಾದದ್ದು ಚಂದ್ರನಿಂದಲ್ಲ, ಭಾವಮೈದನಿಂದ.

ನೀರಣ್ಣನ ಹೆಂಡತಿಯ ತಮ್ಮ ಹೊಸ ಫೋನು ಕೊಂಡಿದ್ದ. ಕೊಂಡವನು ಸುಮ್ಮನಿರದೆ ಅದರಲ್ಲಿ ಅರ್ಧಚಂದ್ರನ ಫೋಟೊ ತೆಗೆದು ಅಕ್ಕನಿಗೆ ಕಳಿಸಿದ. ಅಕ್ಕ ಅದನ್ನು ಬೆಳಿಗ್ಗೆಯಿಂದ ಒಲೆಯ ಮುಂದೆ ಹಿಡಿದಳು, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಪಕ್ಕದ ಮನೆಯವರಿಗೆ ಹಿಡಿದಳು, ಕೊನೆಗೆ ಗಂಡ ಉಣ್ಣಲು ಕೂತಾಗ ಅವನ ತಟ್ಟೆಗೆ ಅಡ್ಡ ಹಿಡಿದಳು.

"ನೋಡ್ರೀ, ಚಂದ್ರನ ಮೈಮೇಲಿನ ಗುಳಿ ಎಲ್ಲ ಎಣಿಸಬಹುದು. ನನ್ನ ತಮ್ಮನ ಕೈ ಅಂದ್ರೆ ಕೈ!"

ಆ ಮನೆಯಲ್ಲಿ ತಮ್ಮನ ಹೆಸರಿಲ್ಲದೆ ಹುಲ್ಲುಕಡ್ಡಿಯೂ ಅಲುಗುತ್ತಿರಲಿಲ್ಲ. ಬಾಗಿಲು ಕಿರುಗುಟ್ಟಿದರೆ, ತಮ್ಮನಾಗಿದ್ದರೆ ಎಂದೋ ಎಣ್ಣೆ ಬಿಟ್ಟಿರುತ್ತಿದ್ದ. ಹೆಂಚು ಸೋರಿದರೆ, ತಮ್ಮನ ಮನೆಯ ಹೆಂಚು ಸೋರುವುದಿಲ್ಲ. ನೀರಣ್ಣನಿಗೆ ಕೆಮ್ಮು ಬಂದರೂ ತಮ್ಮ ಅದಕ್ಕಿಂತ ಚೆನ್ನಾಗಿ ಕೆಮ್ಮುತ್ತಾನೆ ಎಂದು ಹೇಳುವುದೊಂದು ಬಾಕಿಯಿತ್ತು.

"ಅದು ಕೈಯಲ್ಲ ಕಣೇ, ಫೋನಿನ ಚಳಕ," ಎಂದ ನೀರಣ್ಣ, ತುತ್ತು ನುಂಗಿ. "ನಿಮ್ಮಪ್ಪನ ದುರ್ಬೀನಿಗೆ ನನ್ನ ಹಳೇ ಫೋನು ಸಿಕ್ಕಿಸಿದ್ರೆ ಇದರಪ್ಪನಂಥ ಚಂದ್ರನ್ನ ಹಿಡೀತೀನಿ."

"ಹಿಡಿದ್ರೆ?"

"ಹಿಡಿದ್ರೆ ಒಂದು ವರ್ಷ ಈ ಮನೇಲಿ ನಿನ್ನ ತಮ್ಮನ ಹೆಸರು ಎತ್ತಬಾರದು."

ಹೆಂಡತಿ ಸೌಟು ಕೆಳಗಿಟ್ಟು ಯೋಚಿಸಿದಳು. ಒಂದು ವರ್ಷ ಸಣ್ಣ ಮಾತಲ್ಲ. "ಆಯ್ತು. ಇವತ್ತು ಬೀದಿ ದೀಪ ಹತ್ತೋದ್ರೊಳಗೆ ಹಿಡೀಬೇಕು. ಹಿಡೀದಿದ್ರೆ, ನನ್ನ ಭಾವಮೈದನೇ ಮೇಲು ಅಂತ ನಾಲ್ಕು ಜನದ ಮುಂದೆ ನಿಮ್ಮ ಬಾಯಿಂದ ಬರಬೇಕು."

"ಬರುತ್ತೆ ಬಿಡು. ಕಪ್ಪೆಗೆ ಕೋಡು ಬಂದ ದಿನ ಬರುತ್ತೆ."

ನೀರಣ್ಣ ಊರಿಗೆ ನೀರು ಬಿಡುವವನು. ದಿಬ್ಬದ ಮೇಲಿನ ಟ್ಯಾಂಕು, ಅದರ ಬುಡದ ಪಂಪ್‌ಹೌಸು, ಬೀದಿಗೊಂದರಂತೆ ನೆಲದಲ್ಲಿ ಹೂತ ವಾಲ್ವುಗಳು, ಅವನ್ನು ತಿರುಗಿಸುವ ಮಾರುದ್ದದ ಕಬ್ಬಿಣದ ಕೀಲಿ, ಇವಿಷ್ಟು ಅವನ ರಾಜ್ಯ. ತಂದೆತಾಯಿ ಇಟ್ಟ ಹೆಸರು ಯಾರಿಗೂ ನೆನಪಿರಲಿಲ್ಲ. ನೀರು ಬಂದ ದಿನ ನೀರಣ್ಣ, ಬಾರದ ದಿನ ಇನ್ನೇನೋ.

ಮಾವ ಹಿಂದೆ ಕಾಡಿನ ಗಾರ್ಡಾಗಿದ್ದವರು. ಎರಡು ಕಣ್ಣಿನ ದುರ್ಬೀನನ್ನು "ನೋಡಿ ವಾಪಸು ಕೊಡಪ್ಪ" ಎಂದು ಕೊಟ್ಟಿದ್ದರು. ನೀರಣ್ಣ ಅದನ್ನು ಪಂಪ್‌ಹೌಸಿಗೆ ಒಯ್ದು ತನ್ನ ಸಾಮಾನಿನ ಪೆಟ್ಟಿಗೆ ತೆರೆದ. ಪೈಪು ಜೋಡಿಸುವ ಕಪ್ಲಿಂಗೊಂದು ದುರ್ಬೀನಿನ ಒಂದು ಕಣ್ಣಿಗೆ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಸಡಿಲವಿದ್ದ ಕಡೆ ನಲ್ಲಿಗೆ ಸುತ್ತುವ ಬಿಳಿ ಟೇಪು ಸುತ್ತಿದ. ಕಪ್ಲಿಂಗಿನ ಇನ್ನೊಂದು ಬಾಯಿಗೆ ಫೋನಿನ ಕವರನ್ನು, ಕ್ಯಾಮೆರಾದ ತೂತು ನೇರ ಬರುವಂತೆ ಒತ್ತಿ ಹಿಡಿದು, ಪೈಪಿನ ಗಮ್ಮನ್ನು ಧಾರಾಳವಾಗಿ ಸುರಿದ. ಕವರಿನೊಳಗೆ ಫೋನಿತ್ತು. ಅಂಟಿಸುವ ಮೊದಲು ಅದನ್ನು ಹೊರಗೆ ತೆಗೆಯಬೇಕೆಂದು ಅವನಿಗೆ ಹೊಳೆಯಿತು, ಆದರೆ ಹೊಳೆಯುವ ಹೊತ್ತಿಗೆ ಅಂಟಿತ್ತು.

ಇರಲಿ, ಗಟ್ಟಿಯಾಯಿತು ಎಂದುಕೊಂಡು, ದುರ್ಬೀನಿನ ಪಟ್ಟಿಯನ್ನು ಕೊರಳಿಗೆ ಹಾಕಿ ಟ್ಯಾಂಕಿನ ಏಣಿ ಹತ್ತಿದ. ಮಧ್ಯಾಹ್ನದ ಬಿಸಿಲು ಇನ್ನೂ ಇಳಿದಿರಲಿಲ್ಲ. ಪೂರ್ವದ ಅಂಚಿನಲ್ಲಿ ಅರ್ಧಚಂದ್ರ ಒಗೆದು ಒಣಗಿಸಿದ ಬಟ್ಟೆಯ ಚೂರಿನಂತೆ ಬೆಳ್ಳಗೆ ಅಂಟಿಕೊಂಡಿದ್ದ. ಮೊದಲು ಪರೀಕ್ಷೆ ಆಗಲೆಂದು ನೀರಣ್ಣ ಊರ ಕಡೆಗೇ ತಿರುಗಿಸಿ ಕ್ಯಾಮೆರಾದ ಗುಂಡಿ ಒತ್ತಿದ. ಬಿಸಿಲಿಗೆ ಪರದೆಯಲ್ಲಿ ತನ್ನ ಮೂಗು ಬಿಟ್ಟರೆ ಬೇರೇನೂ ಕಾಣಲಿಲ್ಲ. ಮೂಲೆಯಲ್ಲಿ ಮಾತ್ರ ಒಂದು ಕೆಂಪು ಚುಕ್ಕೆ ಮಿಣುಕುತ್ತಿತ್ತು.

ಪಂಪ್‌ಹೌಸಿನ ಗೋಡೆಯಲ್ಲೂ ಎರಡು ದೀಪಗಳಿವೆ. ಹಸಿರು ಹತ್ತಿದರೆ ಮೋಟರು ಓಡುತ್ತಿದೆ, ಕೆಂಪು ಹತ್ತಿದರೆ ನಿಂತಿದೆ. ಆಯುಸ್ಸೆಲ್ಲ ಆ ಎರಡು ದೀಪಗಳ ಮಾತು ಕೇಳಿದವನು ನೀರಣ್ಣ. ಕೆಂಪು ಕಂಡ, ನಿಂತಿದೆ ಎಂದುಕೊಂಡ. ಸಂಜೆ ಬೆಳಕು ತಣ್ಣಗಾದ ಮೇಲೆ ನೋಡೋಣವೆಂದು ಅದನ್ನು ಹಾಗೇ ಕೊರಳಿಗೆ ಇಳಿಬಿಟ್ಟ.

ಅಷ್ಟರಲ್ಲಿ ದಿಬ್ಬದ ಕೆಳಗಿನ ಕ್ಷೌರದಂಗಡಿಯವನು, ಊರಿಗೆಲ್ಲ ಕತ್ತರಿ ಎಂದೇ ಪರಿಚಿತನಾದವನು, ಗಿರಾಕಿಯ ಗಲ್ಲದ ಮೇಲೆ ಕತ್ತಿ ಇಟ್ಟುಕೊಂಡೇ ತಲೆಯೆತ್ತಿ ನೋಡಿದ.

"ಲೋ! ನೀರಣ್ಣ ಟ್ಯಾಂಕಿನ ಮೇಲೆ ನಿಂತು ದುರ್ಬೀನಲ್ಲಿ ಊರು ನೋಡ್ತಿದಾನೆ! ಫೋನು ಬೇರೆ ಕಟ್ಟಿದಾನೆ!"

ಟ್ಯಾಂಕಿನ ನೀರು ಕೊನೆಯ ಮನೆ ಮುಟ್ಟಲು ಅರ್ಧ ದಿನ ಬೇಕು. ಸುದ್ದಿಗೆ ವಾಲ್ವಿಲ್ಲ. ನೀರಣ್ಣ ಏಣಿ ಇಳಿಯುವಷ್ಟರಲ್ಲಿ ಹಿತ್ತಿಲ ಹಗ್ಗಗಳಿಂದ ಬಟ್ಟೆಗಳು ಮಾಯವಾದವು, ಹುಟ್ಟಿದಾಗಿನಿಂದ ಪರದೆ ಕಾಣದ ಕಿಟಕಿಗಳಿಗೆ ಕಂಬಳಿ ಬಂತು, ಮೇಲ್ಚಾವಣಿಯಿಲ್ಲದ ಬಚ್ಚಲಲ್ಲಿ ಯಾರೋ ಕೊಡೆ ಬಿಡಿಸಿದರು.

ಮೊದಲು ಬಂದವನು ಕತ್ತರಿಯೇ.

"ಏನಣ್ಣಾ, ನಾಚಿಕೆ ಆಗಲ್ವಾ? ಹೆಣ್ಣುಮಕ್ಕಳಿರೋ ಊರು!"

"ಚಂದ್ರನ್ನ ನೋಡೋಕೆ ಕಣೋ."

"ಹಗಲು ಹೊತ್ತು ಚಂದ್ರ! ನಾನು ತಲೆ ಬೋಳಿಸೋನು, ನನಗೇ ಬೋಳಿಸ್ತೀಯಾ?" ಎಂದವನು ಅತ್ತಿತ್ತ ನೋಡಿ ಹತ್ತಿರ ಸರಿದು ದನಿ ಇಳಿಸಿದ. "ಹೋಗ್ಲಿ. ನನ್ನ ಹಿತ್ತಿಲು ಕಂಡಿತಾ?"

ಇಲ್ಲವೆಂದು ಹೇಳಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅಷ್ಟು ಕಷ್ಟಪಟ್ಟು ಕಟ್ಟಿದ ಯಂತ್ರದ ಮರ್ಯಾದೆಯ ಪ್ರಶ್ನೆ. "ಇರುವೆ ಮೀಸೆ ಕಾಣುತ್ತೆ," ಎಂದ ನೀರಣ್ಣ.

ಕತ್ತರಿ ಅಲ್ಲೇ ಕುಕ್ಕರಿಸಿದ. "ಬಾಟ್ಲಿ ತುಂಬೋದು ಕಂಡುಬಿಟ್ಯಾ! ನಿನ್ನಾಣೆ ಅಣ್ಣಾ, ನಾನು ಮಾರೋ ಕೂದಲೆಣ್ಣೇಲಿ ಮೋಸ ಇಲ್ಲ. ಅಡುಗೆ ಎಣ್ಣೆ, ಒಂಚೂರು ಹಸಿರು ಬಣ್ಣ, ಅಷ್ಟೇ. ಎಷ್ಟೋ ಜನಕ್ಕೆ ಕೂದಲು ಬಂದಿದೆ."

"ಯಾರಿಗೆ?"

"ಮೊದಲೇ ಇದ್ದವರಿಗೆ."

ಯಾರಿಗೂ ಹೇಳುವುದಿಲ್ಲವೆಂದು ಮಾತು ತೆಗೆದುಕೊಂಡು ಕತ್ತರಿ ಇಳಿದುಹೋದ. ಅವನು ತಿರುವು ದಾಟುವುದನ್ನೇ ಕಾಯುತ್ತಿದ್ದವಳಂತೆ ಹಾಲಿನಕ್ಕ ಸೆರಗಿನಲ್ಲಿ ಮುಖ ಒರೆಸುತ್ತ ಹತ್ತಿ ಬಂದಳು. ಅರ್ಧ ಊರಿಗೆ ಹಾಲು ಹಾಕುವವಳು. ಬೈಯುವ ಗೋಜಿಗೆ ಹೋಗದೆ ನೇರ ಅಳುವುದಕ್ಕೇ ಕೈಹಾಕಿದಳು.

"ತಮ್ಮಾ, ಬಾವಿ ಕಟ್ಟೆ ಹತ್ರ ನೀನು ನೋಡಿದ್ದು ನಿಜ. ಆದ್ರೆ ನನ್ನ ತಪ್ಪಲ್ಲ, ಎಮ್ಮೆ ತಪ್ಪು."

"ಎಮ್ಮೆದೇನಕ್ಕಾ ತಪ್ಪು?"

"ಅದು ಸರಿಯಾಗಿ ನೀರು ಕುಡಿಯಲ್ಲ. ಅದು ಕುಡೀದೇ ಬಿಟ್ಟ ನೀರನ್ನ ಯಾರಾದ್ರೂ ಹಾಲಿಗೆ ಸೇರಿಸಲೇಬೇಕಲ್ಲಪ್ಪಾ!"

ನೀರಣ್ಣನಿಗೆ ಇದರಲ್ಲಿ ನ್ಯಾಯವಿದೆಯೆನ್ನಿಸಿತು. ತಲೆಯಾಡಿಸಿ ಕಳಿಸಿದ. ಕೊರಳಲ್ಲಿ ದುರ್ಬೀನು ಎತ್ತಿನ ಗಂಟೆಯ ಹಾಗೆ ತೂಗುತ್ತಿತ್ತು. ಯಾರು ಬಂದರೂ ಮೊದಲು ಅದರ ಗಾಜಿಗೆ ಹೆದರಿ ಪಕ್ಕಕ್ಕೆ ಸರಿಯುತ್ತಿದ್ದರು, ಆಮೇಲೆ ಅದರ ಹತ್ತಿರವೇ ಬಾಯಿ ತಂದು ಪಿಸುಗುಡುತ್ತಿದ್ದರು.

ನಿವೃತ್ತ ಹೆಡ್‌ಮೇಷ್ಟ್ರು ಬಂದಾಗ ನೀರಣ್ಣ ಎದ್ದು ನಿಂತ. ಅವರು ದಿನಾ ನಾಲ್ಕು ಮೈಲಿ ನಡೆಯುವವರು. ನಡೆಯದವರನ್ನು ಕಂಡಲ್ಲಿ ನಿಲ್ಲಿಸಿ ಬುದ್ಧಿ ಹೇಳುವವರು.

"ಏನಯ್ಯಾ, ಎಷ್ಟು ದೂರ ಕಾಣುತ್ತೆ ಇದರಲ್ಲಿ? ಇಟ್ಟಿಗೆ ಗೂಡಿನ ಹಿಂದುಗಡೆ?"

"ಗೂಡೇನು ಸಾರ್, ಚಂದ್ರನೇ ಕಾಣ್ತಾನೆ."

ಮೇಷ್ಟ್ರು ನಿಟ್ಟುಸಿರು ಬಿಟ್ಟರು. "ಹಾಗಾದ್ರೆ ಮುಚ್ಚಿಟ್ಟು ಫಲವಿಲ್ಲ. ನಾನು ಅಲ್ಲೀತನಕ ಮಾತ್ರ ನಡೆಯೋದು. ಆಮೇಲೆ ಗೂಡಿನ ಬೆಚ್ಚಗಿನ ಗೋಡೆಗೆ ಒರಗಿ ಒಂದು ನಿದ್ದೆ. ಎದ್ದು ಮುಖಕ್ಕೆ ನೀರು ಚಿಮುಕಿಸಿಕೊಂಡ್ರೆ ಬೆವರಿನ ಹಾಗೇ ಕಾಣುತ್ತೆ." ಅಷ್ಟು ಹೇಳಿ ಬೆರಳೆತ್ತಿದರು. "ನೋಡು, ನನ್ನ ಗುಟ್ಟು ನಿನ್ನ ಹತ್ರ ಉಳೀತು. ನಿನ್ನದೊಂದು ನನ್ನ ಹತ್ರ ಇದ್ರೆ ಇಬ್ಬರಿಗೂ ಕ್ಷೇಮ. ಹೇಳು."

ಮೇಷ್ಟ್ರು ಕೇಳಿದ ಮೇಲೆ ಉತ್ತರ ಹೇಳಲೇಬೇಕು, ಅದು ಹಳೆಯ ಅಭ್ಯಾಸ. ನೀರಣ್ಣ ತಲೆ ಕೆರೆದುಕೊಂಡ. "ಸಾರ್, ನಿಜ ಹೇಳ್ಬೇಕಂದ್ರೆ ನನ್ನ ಹೆಂಡತಿ ತೋರಿಸ್ತಿರೋ ಆ ಚಂದ್ರನ ಫೋಟೊ ಬಲು ಚೆನ್ನಾಗಿದೆ. ನನ್ನ ಕೈಲಿ ಅಷ್ಟು ಆಗಲ್ಲ. ಫೋಟೊ ಯಾಕೆ, ಎಲ್ಲದರಲ್ಲೂ ನನ್ನ ಭಾವಮೈದನೇ ಮೇಲು. ಸತ್ರೂ ಹೆಂಡತಿ ಮುಂದೆ ಮಾತ್ರ ಒಪ್ಪಲ್ಲ."

"ಭೇಷ್," ಎಂದು ಬೆನ್ನು ತಟ್ಟಿ ಮೇಷ್ಟ್ರು ಹಗುರಾಗಿ ಇಳಿದುಹೋದರು.

ಕೊನೆಗೆ ಬಂದದ್ದು ಊರಿನ ಮೆಂಬರಮ್ಮ. ನೀರಣ್ಣನ ಕೆಲಸ, ಕೀಲಿ, ಸಂಬಳ ಎಲ್ಲ ಆಕೆಯ ಒಂದು ಮಾತಿನಲ್ಲಿ ನಿಂತದ್ದು.

"ಊರೆಲ್ಲ ನನ್ನ ಜಗಲೀಲಿ ಬಂದು ಕೂತಿದೆ ಕಣಪ್ಪಾ. ಸಂಜೆ ಎಲ್ಲರ ಮುಂದೆ ಆ ಫೋನು ತೆರೆದು ತೋರಿಸ್ಬೇಕು. ಒಬ್ಬರ ಮನೆ ಚಿತ್ರ ಸಿಕ್ಕಿದ್ರೂ ವಾಲ್ವಿನ ಕೀಲಿ ಬೇರೆಯವರ ಕೈಗೆ ಹೋಗುತ್ತೆ."

"ತೋರಿಸ್ತೀನಮ್ಮಾ. ಒಂದು ಚಿತ್ರಾನೂ ತೆಗೆದಿಲ್ಲ. ನೋಡಿ, ಕೆಂಪು ದೀಪ."

ಕೆಂಪು ದೀಪ ಕಂಡು ಆಕೆಗೂ ಸಮಾಧಾನವಾಯಿತು. ಹೊರಟವಳು ನಿಂತಳು. "ಅಲ್ಲಾ, ಆ ಮೇಲಿಂದ ನನ್ನ ತೋಟ...?"

"ಹೆದರಬೇಡಿ," ಎಂದ ನೀರಣ್ಣ, ಉಪಕಾರ ಮಾಡುವ ಉತ್ಸಾಹದಲ್ಲಿ. "ಮೇನ್ ಪೈಪಿಂದ ನಿಮ್ಮ ತೋಟಕ್ಕೆ ನಾನೇ ಎಳೆದ ಲೈನಲ್ವಾ, ಕೋಳಿಗೂಡಿನ ಅಡಿ ಹೂತಿದೀನಿ. ಯಾವ ದುರ್ಬೀನಿಗೂ ಕಾಣಲ್ಲ. ಕೆಳಗಿನ ಬೀದಿಯವರು ನೀರಿಲ್ಲ ಅಂದಾಗೆಲ್ಲ ಮೋಟರು ಕೆಟ್ಟಿದೆ ಅಂತೀನಿ."

"ಜಾಣ," ಎಂದಳು ಮೆಂಬರಮ್ಮ.

ಹೊತ್ತು ಇಳಿಯಿತು. ಪಂಪ್‌ಹೌಸಿನ ಅಂಗಳದಲ್ಲಿ ಊರು ನೆರೆಯಿತು. ಕತ್ತರಿ, ಹಾಲಿನಕ್ಕ, ಮೇಷ್ಟ್ರು ಮೂವರೂ ಮುಂದಿನ ಸಾಲಿನಲ್ಲೇ ನಿಂತಿದ್ದರು. ಮುಖದಲ್ಲಿ ಗುಟ್ಟು ಭದ್ರವಾಗಿರುವವರ ಕಳೆ. ಹೆಂಡತಿಯೂ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. "ಬೀದಿ ದೀಪ ಇನ್ನೇನು ಹತ್ತುತ್ತೆ, ಜ್ಞಾಪಕ ಇರ್ಲಿ," ಎಂದಳು.

"ಮೊದಲು ಚಂದ್ರ, ಆಮೇಲೆ ವಿಚಾರಣೆ," ಎಂದು ನೀರಣ್ಣ ಕೊರಳ ಪಟ್ಟಿ ತೆಗೆದು, ಏಣಿಯ ಮೆಟ್ಟಿಲಿಗೆ ದುರ್ಬೀನನ್ನು ಆನಿಸಿ, ಮೇಲಕ್ಕೆ ತಿರುಗಿಸಿದ. ಪರದೆಯಲ್ಲಿ ಅಲುಗುವ ಬಿಳುಪೊಂದು ಬಂತು, ಹೋಯಿತು, ಮತ್ತೆ ಬಂತು. ತಿರುಗುಣಿಯನ್ನು ಕೂದಲೆಳೆಯಷ್ಟು ತಿರುಗಿಸಿದ. ಅಗೋ! ಅರ್ಧ ಮುರಿದ ಬೆಳ್ಳಿ ತಟ್ಟೆಯಂಥ ಚಂದ್ರ ಪರದೆಯಲ್ಲಿ ಬಂದು ನಿಂತ. ಅಂಚಿನುದ್ದಕ್ಕೂ ಗುಳಿಗಳು, ಗುಳಿಗಳೊಳಗೆ ನೆರಳು. ಹೆಂಡತಿಯೂ ಬಗ್ಗಿ ನೋಡಿ "ಅಯ್ಯೋ!" ಎಂದಳು. ಆ "ಅಯ್ಯೋ"ದಲ್ಲಿ ತಮ್ಮನಿಲ್ಲದ ಒಂದು ವರ್ಷದ ನೆಮ್ಮದಿ ನೀರಣ್ಣನ ಕಣ್ಣಿಗೆ ಕಟ್ಟಿತು. ಗುಂಡಿ ಒತ್ತಿದ.

ಫೋನು ಹೇಳಿತು: ಜಾಗ ತುಂಬಿದೆ.

ಮತ್ತೆ ಒತ್ತಿದ. ಜಾಗ ತುಂಬಿದೆ.

"ಒಂದು ಫೋಟೊನೂ ತೆಗೆದಿಲ್ಲ ಅಂದ್ಯಲ್ಲಪ್ಪಾ, ಜಾಗ ಹೇಗೆ ತುಂಬಿತು?" ಗುಂಪಿನ ಹಿಂದಿನಿಂದ ಯಾರೋ ಕೇಳಿದರು.

"ಅದೇ ನನಗೂ..."

"ಕೊಡ್ರೀ ಇಲ್ಲಿ," ಎಂದು ಹೆಂಡತಿ ದುರ್ಬೀನು ಸಮೇತ ಫೋನನ್ನು ಕಿತ್ತುಕೊಂಡಳು. "ನನ್ನ ತಮ್ಮ ಹೇಳಿಕೊಟ್ಟಿದಾನೆ, ತುಂಬಿದ್ರೆ ಹಳೇದು ಅಳಿಸ್ಬೇಕು. ಇದೇನಿದು, ಹನುಮನ ಬಾಲದಷ್ಟು ಉದ್ದದ ವಿಡಿಯೊ? ಇವತ್ತಿಂದೇ!"

ಒತ್ತಿದಳು. ಮೋಟರಿನ ಸದ್ದಿನಲ್ಲಿ ಬದುಕುವ ನೀರಣ್ಣ ಫೋನಿನ ದನಿಯನ್ನು ಸದಾ ತುತ್ತತುದಿಗೆ ಇಟ್ಟಿರುತ್ತಿದ್ದ. ಪರದೆಯಲ್ಲಿ ಕಂಡದ್ದು ಬರೀ ಮಂಜು. ಊರಿಲ್ಲ, ಹಿತ್ತಿಲಿಲ್ಲ, ಬಚ್ಚಲಿಲ್ಲ. ಜನ ಉಸಿರು ಬಿಡುವಷ್ಟರಲ್ಲಿ ಆ ಮಂಜಿನೊಳಗಿಂದ ಕತ್ತರಿಯ ದನಿ ಗಂಟೆ ಹೊಡೆದ ಹಾಗೆ ಕೇಳಿತು: "ಅಡುಗೆ ಎಣ್ಣೆ, ಒಂಚೂರು ಹಸಿರು ಬಣ್ಣ, ಅಷ್ಟೇ."

ಗುಂಪಿನಲ್ಲಿದ್ದ ಬೋಳುತಲೆಗಳೆಲ್ಲ ಒಮ್ಮೆಗೇ ಕತ್ತರಿಯತ್ತ ತಿರುಗಿದವು.

"ನಿಲ್ಲಿಸೇ, ಮಾರಾಯ್ತಿ!" ಎಂದು ನೀರಣ್ಣ ಕೈ ಚಾಚಿದ. ಹೆಂಡತಿ ಬೆನ್ನು ಕೊಟ್ಟು ತಿರುಗಿ ಬೆರಳಿನಿಂದ ಮುಂದಕ್ಕೆ ತಳ್ಳಿದಳು. ಎಮ್ಮೆ ಕುಡಿಯದ ನೀರು ಬಂತು. ಇಟ್ಟಿಗೆ ಗೂಡಿನ ಬೆಚ್ಚಗಿನ ಗೋಡೆ ಬಂತು. ದಿನಾ ಮೇಷ್ಟ್ರ ಮಾತಿಗೆ ಹೆದರಿ ನಡೆದು ಕಾಲು ನೋಯಿಸಿಕೊಂಡವರು ಮೇಷ್ಟ್ರನ್ನು ಸುತ್ತುವರಿದರು. "ನನಗೆ ದಿನಾ ನೀರು ಕುಡಿಸಿದ್ಯಾ!" ಎಂದು ಕತ್ತರಿ ಹಾಲಿನಕ್ಕನ ಮೇಲೆ ಏರಿಹೋದ. "ನೀನು ನನ್ನ ಗಂಡನ ತಲೆಗೆ ಒಗ್ಗರಣೆ ಹಾಕಿದ್ಯಲ್ಲೋ!" ಎಂದು ಹಾಲಿನಕ್ಕ ತಿರುಗಿಬಿದ್ದಳು. ಮೆಂಬರಮ್ಮ ಕೈಯೆತ್ತಿ "ಶಾಂತಿ, ಶಾಂತಿ" ಎನ್ನುತ್ತಿರುವಾಗಲೇ ಕೋಳಿಗೂಡಿನ ಅಡಿಯ ಪೈಪು ಬಂತು.

ಕೆಳಗಿನ ಬೀದಿಯವರು ಮೊದಲು ಮೆಂಬರಮ್ಮನತ್ತ ತಿರುಗಿದರು. ಆಮೇಲೆ ಎಲ್ಲರೂ ಒಟ್ಟಿಗೇ ಮಾತಾಡಿದರು.

"ಅದು ನನ್ನ ದನಿಯೇ ಅಲ್ಲ," ಎಂದಳು ಮೆಂಬರಮ್ಮ. "ಪೈಪು ಎಳೆದದ್ದು ಅವನು, ಸುಳ್ಳು ಹೇಳಿದ್ದು ಅವನು. ಕೊಡಪ್ಪಾ ಕೀಲಿ!"

ಕೀಲಿ ಹೋಯಿತು. "ಅಳಿಸು, ಅಳಿಸು!" ಎಂದು ಊರೆಲ್ಲ ಕೂಗಿತು. ನೀರಣ್ಣ ಹೆಂಡತಿಯ ಮುಂದೆ ಕೈಮುಗಿದು ನಿಂತ. "ಅಳಿಸಿಬಿಡೇ. ಜಾಗ ಆಗುತ್ತೆ. ಚಂದ್ರ ಇನ್ನೂ ಇದಾನೆ, ಬೀದಿ ದೀಪ ಹತ್ತಿಲ್ಲ."

ಆದರೆ ಹೆಂಡತಿಗೆ ಎಣ್ಣೆಯೂ ಬೇಕಿರಲಿಲ್ಲ, ಹಾಲೂ ಬೇಕಿರಲಿಲ್ಲ, ಪೈಪೂ ಬೇಕಿರಲಿಲ್ಲ. ತಳ್ಳುವ ಅವಸರದಲ್ಲಿ ಮೇಷ್ಟ್ರ ಮಾತಿನ ನಡುವೆ ಏನೋ ಹಾರಿಹೋಗಿತ್ತು. ಪರಿಚಯದ ಮಾತೊಂದರ ಸುಳಿವು ಕಿವಿಗೆ ಬಿದ್ದಿತ್ತು. ಬೆರಳಿನಿಂದ ನಿಧಾನವಾಗಿ ಹಿಂದಕ್ಕೆಳೆದಳು. ಮಂಜಿನೊಳಗಿಂದ ಗಂಡನ ದನಿ, ಅಷ್ಟು ಮೃದುವಾಗಿ, ಅಷ್ಟು ಪ್ರಾಮಾಣಿಕವಾಗಿ ಅವಳು ಮದುವೆಯಾದ ಮೇಲೆ ಕೇಳಿಯೇ ಇರದಂಥ ದನಿ, ಅಂಗಳದ ತುಂಬ ಹರಡಿತು:

"ಎಲ್ಲದರಲ್ಲೂ ನನ್ನ ಭಾವಮೈದನೇ ಮೇಲು."

ಟ್ಯಾಂಕಿನ ಪಕ್ಕದ ಬೀದಿ ದೀಪ ಪಟಪಟನೆ ಮಿಟುಕಿ ಹತ್ತಿಕೊಂಡಿತು.

"ನಾಲ್ಕು ಜನದ ಮುಂದೆ ಅಂದಿದ್ದೆ," ಎಂದಳು ಹೆಂಡತಿ, ಗುಂಪನ್ನು ಕಣ್ಣಳತೆಯಲ್ಲಿ ನೋಡಿ, ಮುಖವರಳಿಸಿ. "ಊರನ್ನೇ ಕರೆದಿದೀರಲ್ರೀ!"

ಉಳಿದದ್ದನ್ನೆಲ್ಲ ಎಲ್ಲರೆದುರೇ ಕತ್ತರಿಸಿ ಅಳಿಸಿದಳು. ಆ ಒಂದು ಮಾತನ್ನು ಮಾತ್ರ ಉಳಿಸಿಕೊಂಡು ತಮ್ಮನಿಗೆ ಕಳಿಸಿದಳು. ಕಳಿಸಿದ ಮರುಗಳಿಗೆಗೇ ಫೋನು ಹೊಡೆದುಕೊಂಡಿತು. ಗಮ್ಮು ಅಷ್ಟು ಹೊತ್ತಿಗೆ ಕವರನ್ನೂ ದಾಟಿ ಫೋನನ್ನು ದುರ್ಬೀನಿಗೆ ಜನ್ಮಜನ್ಮಾಂತರಕ್ಕೆ ಬೆಸೆದಿತ್ತು. ನೀರಣ್ಣ ಎರಡೂ ಕೈಯಲ್ಲಿ ಮಾವನ ದುರ್ಬೀನನ್ನು ಎತ್ತಿ ಕಿವಿಗಿಟ್ಟುಕೊಂಡು, ಅದರ ಗಾಜಿನ ಕಣ್ಣುಗಳು ಊರ ಕಡೆಗೆ ನೋಡುತ್ತಿರುವಂತೆ ನಿಂತ.

"ಭಾವಾ," ಎಂದಿತು ಆ ಕಡೆಯ ದನಿ, "ಅಪ್ಪ ನಾಳೆ ದುರ್ಬೀನು ತಗೊಂಡು ಹೋಗೋಕೆ ಬರ್ತಿದಾರೆ. ಅಂದ ಹಾಗೆ, ಚಂದ್ರ ಸಿಕ್ಕನಾ?"