ಭಾವನ ರೋಟರು

ನಮ್ಮ ಭಾವ ಜೀವಮಾನದಲ್ಲಿ ಒಂದೂ ತಪ್ಪು ಮಾಡಿದವರಲ್ಲ. ಇದು ನನ್ನ ಮಾತಲ್ಲ, ಅವರದೇ! ರೈಲು ತಪ್ಪಿದರೆ ಅದು ರೈಲಿನ ಅವಸರ; ಸಾರಿಗೆ ಉಪ್ಪು ಹೆಚ್ಚಾದರೆ ಅದು ನೆದರ್ಲೆಂಡಿನ ಉಪ್ಪಿನ ಉದ್ಧಟತನ.

ಎರಡು ಸಾವಿರದ ಇಸವಿ ಹುಟ್ಟುತ್ತಲೇ ಕಂಪ್ಯೂಟರುಗಳೆಲ್ಲ ನಿಂತುಹೋಗುತ್ತವೆಂದು ಲೋಕವೇ ಹೆದರಿದ್ದ ಕಾಲ. ಅವು ನಿಲ್ಲದಂತೆ ನೋಡಿಕೊಳ್ಳಲು ಬೆಂಗಳೂರಿನಿಂದ ನೆದರ್ಲೆಂಡಿನ ಲೈಡನ್ನಿಗೆ ಬಂದಿದ್ದ ಭಾವ ಮಾತ್ರ ಹೆದರುತ್ತಿದ್ದುದು ತಮ್ಮ ಕಾರು ನಿಲ್ಲುವುದಕ್ಕೆ. ನನ್ನ ತಾತನ ಓರಗೆಯ ಆ ಕಾರು ಒಮ್ಮೆ ಅಕ್ಕನನ್ನು ಕೂರಿಸಿಕೊಂಡು ಹೋಗಿ ರೈಲ್ವೆ ಹಳಿಯ ಮೇಲೆಯೇ ನಿಂತುಬಿಟ್ಟಿತ್ತು! ದಾರಿಹೋಕರು ತಳ್ಳಿ ಉಳಿಸಿದರು. ಅಂದಿನಿಂದ ಅಕ್ಕ ಅದನ್ನು ಹತ್ತಿಲ್ಲ.

"ಇನ್ನೊಂದ್ಸಲ ದಾರೀಲಿ ನಿಂತ್ರೆ ಮಾರಿಬಿಡ್ಬೇಕು. ಆಯ್ತಾ?"

ಭಾವ ಒಪ್ಪಿದರು. ಆ ರಾತ್ರಿಯೇ ಟಾರ್ಚು ಹಿಡಿದು ಬಾನೆಟ್ಟಿನೊಳಗೆ ತಲೆ ತೂರಿಸಿದರು.

ಅವರ ತನಿಖೆಯಂತೆ ಅಪರಾಧಿ ಎಂಜಿನ್ನಿನ ಡಿಸ್ಟ್ರಿಬ್ಯೂಟರ್ ಎಂಬ ಡಬ್ಬಿಯೊಳಗಿನ ರೋಟರು. ಹೆಬ್ಬೆರಳಿನಷ್ಟು ವಸ್ತು, ಗಿರಗಿರ ತಿರುಗುತ್ತ ಸಿಲಿಂಡರುಗಳಿಗೆ ಕಿಡಿ ಹಂಚುವುದು ಅದರ ಕಾಯಕ. ಹಳೆಯದು ಬಿರುಕು ಬಿಟ್ಟು ಕಿಡಿ ಸೋರುತ್ತಿತ್ತಂತೆ. ಭಾವ ಗಟ್ಟಿ ರಾಳದಲ್ಲಿ ಸುಧಾರಿತ ರೋಟರನ್ನು ಎರಕ ಹೊಯ್ದರು. ಹೊಯ್ದದ್ದೆಲ್ಲಿ? ಅಕ್ಕನ ಇಡ್ಲಿ ತಟ್ಟೆಯಲ್ಲಿ! ಎಷ್ಟೋ ದಿನ ಅವರಿಬ್ಬರೂ, ಅವರ ಮನೆಯಲ್ಲಿದ್ದು ಓದುತ್ತಿದ್ದ ನಾನೂ ಉಪ್ಪಿಟ್ಟು ತಿಂದು ವಿಜ್ಞಾನವನ್ನು ಬೆಂಬಲಿಸಿದೆವು.

ಆಯುಧಪೂಜೆಗೆ ಅಕ್ಕ ಕೇಳಿದಳು, "ರೀ, ಇದರ ಜೀವ ಇರೋದು ಎಲ್ಲಿ?" ಭಾವ ಬಾನೆಟ್ ಎತ್ತಿ, ಕ್ಲಿಪ್ಪು ಬಿಡಿಸಿ, ರೋಟರನ್ನು ಹೆಮ್ಮೆಯಿಂದ ತೋರಿಸಿ, ತೆಂಗಿನಕಾಯಿ ತರಲು ಒಳಗೆ ಹೋದರು. ಮರುದಿನ ಬೆಳಿಗ್ಗೆ ಪರೀಕ್ಷೆ: ದ ಹೇಗ್‌ಗೆ ಹೋಗಿ ಉದ್ದಿನಬೇಳೆ ತರುವುದು. ಪಕ್ಕದಲ್ಲಿ ಕೂತು ಹೆದರುವ ಹೊಣೆ ನನ್ನದು.

ಹೊರಗೆ ದಟ್ಟ ಮಂಜು.

"ಭಾವ, ಗಾಡಿ ಕೆಮ್ತಾ ಇದೆ."

"ಕೆಮ್ಮಲ್ಲ ಕಣೋ, ಗಂಟಲು ಸರಿಮಾಡ್ಕೋತಿದೆ."

"ಸುಟ್ಟ ವಾಸನೆ..."

"ಸಗಣಿ ವಾಸನೆ ಅದು. ಹೊರಗಡೆ ಹಸು ನೋಡು!"

ಮಂಜಿನಲ್ಲಿ ಹಸುವೇನು, ರಸ್ತೆಯೇ ಕಾಣುತ್ತಿರಲಿಲ್ಲ. ದೋಣಿಗಳಿಗೆ ದಾರಿ ಬಿಡಲು ಮೇಲೇಳುವ ಸೇತುವೆಯೊಂದನ್ನು ಹತ್ತಿದೆವು. ನಟ್ಟನಡುವೆ ಕಾರು ಪ್ರಾಣ ಬಿಟ್ಟಿತು. ಅದೇ ಕ್ಷಣಕ್ಕೆ ಸೇತುವೆ ಏಳುವ ಗಂಟೆ ಮೊಳಗತೊಡಗಿತು! ಕೆಳಗೆ ದೋಣಿಯ ಕೂಗು, ಹಿಂದೆ ಸೈಕಲ್ಲುಗಳ ಟ್ರಿಣ್ ಟ್ರಿಣ್, ಕಾವಲುಗೂಡಿನ ಕಿಟಕಿಯಿಂದ ಸೇತುವೆ ಕಾಯುವವನ "ಮೆನೀರ್!", ಅಂದರೆ 'ಸ್ವಾಮೀ!'

"ಮೊಮೆಂಟ್ಯೆ!" ಎಂದು ಡಚ್ಚಿನಲ್ಲಿ ಒಂದು ನಿಮಿಷ ಬೇಡುತ್ತ ಭಾವ ಬಾನೆಟ್ ಎತ್ತಿ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದರು. ಒಳಗೆ, ಹೊಸ ರೋಟರಿನ ನೆತ್ತಿಯ ಮೇಲೆ, ಅರಿಶಿನ ಕುಂಕುಮ! ಮಂಜಿನ ತೇವ ಕುಡಿದು ಕೆಸರಾಗಿ, ಕಿಡಿಗೆ ಅಡ್ಡದಾರಿ ತೋರಿಸಿತ್ತು.

"ಬದುಕಿದ್ರಿ ಭಾವ! ತಪ್ಪು ನಿಮ್ಮದಲ್ಲ, ಅಕ್ಕಂದು!"

ಭಾವ ಕರ್ಚೀಫಿನಿಂದ ಮೆಲ್ಲಗೆ ಒರೆಸಿದರು. ಕಾರು ಸಿಂಹದಂತೆ ಎದ್ದಿತು. ದ ಹೇಗ್‌ಗೆ ಹೋಗಿ ಬರುವವರೆಗೆ ಒಮ್ಮೆಯೂ ಕೆಮ್ಮಲಿಲ್ಲ.

ಬಾಗಿಲಲ್ಲೇ ಅಕ್ಕ. "ಎಲ್ಲೂ ನಿಲ್ಲಲಿಲ್ಲ ತಾನೇ?"

ನಾನು ಬಾಯಿ ತೆರೆದೆ. ಭಾವ ನನ್ನ ಕಾಲು ತುಳಿದರು.

"ಸೇತುವೆ ಮೇಲೆ ನಿಂತಿತು ಕಣೇ. ರೋಟರ್ ಕೂರಿಸೋವಾಗ ನಾನೇ ತಪ್ಪು ಮಾಡಿದ್ದೆ. ಮಾರಿಬಿಡೋಣ."

ಅಕ್ಕ ಅವರ ಜೇಬಿನಿಂದ ಇಣುಕುತ್ತಿದ್ದ ಕೆಂಪು ಹಳದಿ ಕರ್ಚೀಫನ್ನು ನೋಡಿದಳು. ಬೇಳೆಯ ಚೀಲ ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಕಾರಿನ ಮುಂದಿನ ಸೀಟಿನಲ್ಲಿ, ಸ್ವೆಟರು ತೊಟ್ಟು, ಕಿವಿಗೆ ಮಫ್ಲರು ಸುತ್ತಿ, ಎರಡೂ ಕೈಯಲ್ಲಿ ಸೀಟನ್ನು ಬಿಗಿಯಾಗಿ ಹಿಡಿದು ಅಕ್ಕ ಕೂತಿದ್ದಳು.

"ಹೊರಡಿ, ಏನ್ನೋಡ್ತೀರ? ಈ ಸಲ ಕುಂಕುಮ ಹೊರಗಡೇನೇ ಇಟ್ಟಿದೀನಿ."