ಒರೆಸಿದರೆ ಮಾತಾಡುವ ಕಂಪ್ಲಿ

"ಈ ಮಳೆಗಾಲದಾಗ ಜಗತ್ತಿನ ಫೋನೆಲ್ಲಾ ಸತ್ರೂ ನಮ್ಮ ಮನಿ ಮಾತು ನಿಂದ್ರೂದಿಲ್ಲ!" ಎಂದು ನಾನು ಜೂನ್ ತಿಂಗಳಲ್ಲೇ ಘೋಷಿಸಿದ್ದೆ. ಆಗ ಅಡುಗೆಮನೆಯಲ್ಲಿ ಇದ್ದದ್ದು ನನ್ನ ಹೆಂಡತಿ ಶೈಲಜಾ ಮತ್ತು ಒಲೆ ಮೇಲಿನ ಹಾಲು. ಹಾಲು ಉಕ್ಕಿತು. ಶೈಲಜಾ ಉಕ್ಕಲಿಲ್ಲ.

ನಾನು ನಾಗಭೂಷಣ. ಹಗಲೆಲ್ಲ ಸಂಡೂರಿನಲ್ಲಿ ಅದಿರು ಲಾರಿ ತೂಗುವ ಗುಮಾಸ್ತ. ಉಳಿದ ಹೊತ್ತು ಸರ್ಕಾರದ ಲೈಸೆನ್ಸ್ ಇರುವ ಹ್ಯಾಮ್ ರೇಡಿಯೊ ಹವ್ಯಾಸಿ. ನಮಗೆ ಟವರು ಬೇಕಿಲ್ಲ, ಸಿಮ್ಮು ಬೇಕಿಲ್ಲ. ಮಾಳಿಗೆ ಮೇಲೊಂದು ಆಂಟೆನಾ, ಕೋಣೆಯಲ್ಲೊಂದು ಸೆಟ್ಟು, ಎರಡರ ನಡುವೆ ಒಂದು ವೈರು. ಇಷ್ಟಿದ್ದರೆ ಮುಗಿಯಿತು. ನಮ್ಮವರಲ್ಲಿ ಒಂದು ಪದ್ಧತಿಯೂ ಇದೆ. ಗಾಳಿಯಲ್ಲಿ ಯಾರು ಸಿಕ್ಕರೂ ಮೊದಲು ಹೆಸರು, ಊರು. ಆಮೇಲೆ ಸೆಟ್ಟು ಯಾವುದು, ಆಂಟೆನಾ ಯಾವುದು, ವೈರು ಯಾವುದು ಎಂದು ಹೊಸ ಬೀಗರಿಗೆ ಹೊಲ-ಮನೆ ವಿವರ ಹೇಳಿದಂತೆ ಒಪ್ಪಿಸಬೇಕು. ತನ್ನ ಮಾತು ಮುಗಿದಾಗ "ಓವರ್" ಎನ್ನಬೇಕು.

ವೈರಿನ ವಿಷಯ ಬಂದಾಗ ನನ್ನ ದನಿ ತಾನಾಗಿ ಗಂಭೀರವಾಗುತ್ತಿತ್ತು. ಉಳಿದವರೆಲ್ಲ ದಪ್ಪ ಕೇಬಲ್ ತಂದು ಹಾಕಿದರೆ, ನಾನು ಅಟ್ಟದ ಮೇಲಿದ್ದ ಹಳೇ ಟಿ.ವಿ. ಆಂಟೆನಾದ ಚಪ್ಪಟೆ ವೈರನ್ನೇ ಎಳೆದಿದ್ದೆ. ಒಣಗಿದ್ದಾಗ ಅದರಲ್ಲಿ ಸಿಗ್ನಲ್ ಹೆಚ್ಚುಕಮ್ಮಿ ಸೋರುವುದೇ ಇಲ್ಲ! "ಒಣಗಿದ್ದಾಗ" ಎಂಬ ಪದ ಹ್ಯಾಮ್ ಪುಸ್ತಕದಲ್ಲೂ ಇತ್ತು. ಓದಿದ್ದೆ. ಮರ್ಯಾದೆ ಕೊಟ್ಟಿರಲಿಲ್ಲ.

ಕಂಪ್ಲಿಯಲ್ಲಿರುವ ಭಾಮೈದ ಮಲ್ಲೇಶನೂ ಹ್ಯಾಮ್. ನನ್ನದೇ ಶಿಷ್ಯ. ಅವನು ಎಚ್ಚರಿಸಿದ್ದ.

"ಮಾವ, ಆ ವೈರು ಮಳಿಗೆ ಆಗೂದಿಲ್ರಿ. ತೊಯ್ತಂದ್ರ ಸಿಗ್ನಲ್ ಎಲ್ಲಾ ಅಲ್ಲೇ ತಿಂದು ಹಾಕ್ತದ. ಮ್ಯಾಲ ನಿಮ್ಮೂರಾಗ ಅದಿರಿನ ಧೂಳು ಬ್ಯಾರೆ."

"ನಿನಗ ರೇಡಿಯೊ ಕಲಿಸಿದವ್ರು ಯಾರಲೇ?"

"ನೀವರೀ."

"ಹಂಗಾದ್ರ ಸುಮ್ಕಿರು."

ಆಗಸ್ಟಿನಲ್ಲಿ ಮಳೆ ಹಿಡಿಯಿತು. ಶೈಲಜಾಳ ತಂಗಿ ಕಾವ್ಯ ಹೆರಿಗೆಗೆಂದು ಕಂಪ್ಲಿಯ ತವರಿಗೆ ಬಂದಿದ್ದಳು. ಒಂದು ಬೆಳಿಗ್ಗೆ "ನೋವು ಶುರುವಾಗೈತಿ" ಎಂದಷ್ಟೇ ಹೇಳಿ ಕಂಪ್ಲಿಯ ಫೋನು ಸತ್ತಿತು. ದರೋಜಿ ಹತ್ತಿರ ಹಳ್ಳ ತುಂಬಿ ಬಸ್ಸುಗಳು ನಿಂತವು. ಶೈಲಜಾ ಬಾಗಿಲಿಗೂ ಒಲೆಗೂ ಓಡಾಡಿ, ಕೊನೆಗೆ ನನ್ನ ಮುಂದೆ ಬಂದು ನಿಂತಳು.

"ಏನ್ರಿ, ಆ ಡಬ್ಬಿ ಹಚ್ರಿ."

ನನ್ನ ಸೆಟ್ಟಿಗೆ ಅವಳು ಇಟ್ಟ ಹೆಸರು ಅದು. ಇರಲಿ! ನಾನು ಇಸ್ತ್ರಿ ಅಂಗಿ ಹಾಕಿಕೊಂಡು, ತಲೆ ಬಾಚಿ, ಸೆಟ್ಟಿನ ಮುಂದೆ ಕುಳಿತೆ. ಗುಂಡಿ ತಿರುಗಿಸಿದೆ. ಕೊರ್ ಎಂದಿತು. ಬ್ಯಾಟರಿ ಬದಲಿಸಿದೆ. ಹೊಸ ಬ್ಯಾಟರಿಯಲ್ಲೂ ಕೊರ್ ಎಂದಿತು.

"ಅಯಾನುಮಂಡಲ ಸರಿ ಇಲ್ಲ," ಎಂದೆ.

"ಅದೆಲ್ಲೈತಿ?"

"ಆಕಾಶದಾಗ. ರೇಡಿಯೊ ಅಲಿ ತಿರುಗಿಸಿ ಕಳಸೋ ಪದರ. ನೂರಾರು ಕಿಲೋಮೀಟರ್ ಮ್ಯಾಲ."

"ಅಷ್ಟು ದೂರದ್ದು ಬಿಡ್ರಿ. ನಮ್ಮ ಗ್ವಾಡಿ ನೋಡ್ರಿ!"

ವೈರಿಗೆ ಅಂಟಿದ್ದ ವರ್ಷದ ಅದಿರು ಧೂಳು ಮಳೆಗೆ ಕಲಸಿ, ಹೊಸದಾಗಿ ಸುಣ್ಣ ಬಳಿದ ಗೋಡೆಯ ಮೇಲೆ ಕೆಂಪಾಗಿ ಇಳಿಯುತ್ತಿತ್ತು. ಶೈಲಜಾ ನನ್ನ ಲುಂಗಿಯೊಂದನ್ನು ಎಳೆದುಕೊಂಡು ಹೊರಗಿನ ಮೆಟ್ಟಿಲು ಹತ್ತುತ್ತ, ಗೊಣಗುತ್ತ, ವೈರನ್ನು ಉದ್ದಕ್ಕೂ ಒರೆಸಿದಳು. ಆತಂಕವಾದಾಗ ಅವಳು ಏನನ್ನಾದರೂ ಒರೆಸಲೇಬೇಕು.

ಡಬ್ಬಿ ಕೆಮ್ಮಿತು. "ಸಂಡೂರ್, ಸಂಡೂರ್... ಮಾವಾ! ಕಾವ್ಯಾಗ..."

"ಶೈಲೂ, ಬಂತು!" ಎಂದು ಕಿರುಚಿದೆ. ಅವಳು ಲುಂಗಿ ಬಿಸಾಡಿ ಓಡಿ ಬಂದಳು. ಅಷ್ಟರಲ್ಲಿ ವೈರು ತೊಯ್ದು ಕಂಪ್ಲಿ ಮುಳುಗಿತು.

"ಏನಂದ?"

"ಕಾವ್ಯಾಗ ಅಂದ."

"ಕಾವ್ಯಾಗ ಏನು?"

"ಅಷ್ಟ ಅಂದ."

ಅವಳು ನನ್ನನ್ನು ನೋಡಿದ ರೀತಿ ಇಲ್ಲಿ ಬರೆಯುವಂಥದ್ದಲ್ಲ. ಮತ್ತೆ ಹೋಗಿ ಒರೆಸಿದಳು. "ಆಸ್ಪತ್ರೀಗೆ ಕರ್ಕೊಂಡು..." ಎಂದಿತು ಡಬ್ಬಿ. ಮತ್ತೆ ಓಡಿ ಬಂದಳು. ಮತ್ತೆ ಕೊರ್! ಆಗ ನನಗೆ ಮಹಾಜ್ಞಾನವಾಯಿತು. ಕೆಟ್ಟದ್ದು ಅಯಾನುಮಂಡಲವಲ್ಲ, ವೈರು.

"ಯಾರರ ಒಬ್ರು ಒರಸ್ತಾನ ಇರಬೇಕು," ಎಂದೆ.

"ಹೌದು," ಎಂದಳು ಶೈಲಜಾ, ನನ್ನ ಕುರ್ಚಿಯಲ್ಲಿ ಕುಳಿತು, ಲುಂಗಿ ನನ್ನ ಕೈಗಿಟ್ಟು. "ನನ್ನ ತಂಗಿ ಸುದ್ದಿ. ನಾನು ಕೇಳ್ತೀನಿ."

"ಮಾತಾಡೋ ಬಟನ್ ಒತ್ತಬ್ಯಾಡ, ನಿನಗ ಲೈಸೆನ್ಸ್ ಇಲ್ಲ. ಬರೇ ಕೇಳು."

"ನೀವು ಮಾತಾಡಬ್ಯಾಡ್ರಿ. ಬರೇ ಒರಸ್ರಿ."

ಇಸ್ತ್ರಿ ಅಂಗಿಯಲ್ಲೇ ಮಳೆಗೆ ಇಳಿದೆ. ಮೆಟ್ಟಿಲ ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ ಒರೆಸಿದೆ. ಕಿಟಕಿಯೊಳಗಿಂದ ಶೈಲಜಾ ಬಿಕ್ಕುವುದು ಕೇಳಿಸಿತು. ನನ್ನ ಕೈ ನಿಂತುಹೋಯಿತು. ಕಾವ್ಯ ನಮ್ಮ ಮನೆಯಲ್ಲಿದ್ದುಕೊಂಡೇ ಕಾಲೇಜು ಓದಿದ ಹುಡುಗಿ. ನನಗೆ ನಿಜಕ್ಕೂ ಹೆದರಿಕೆಯಾಯಿತು.

"ಶೈಲೂ, ಏನಾತು?"

"ನಿಂದ್ರಬ್ಯಾಡ್ರಿ! ಒರಸ್ರಿ!"

ದೇವರಿಗೂ ಎಂದೂ ಕೈ ಮುಗಿಯದಷ್ಟು ಶ್ರದ್ಧೆಯಿಂದ ಒರೆಸಿದೆ. ಕೊನೆಗೆ ಕಿಟಕಿಯಲ್ಲಿ ಅವಳ ಮುಖ ಕಂಡಿತು.

"ಹೆಣ್ಣು ಮಗು! ತಾಯಿ ಮಗಳು ಇಬ್ರೂ ಆರಾಮ ಅದಾರಂತ!"

ನಾನೂ ಅತ್ತುಬಿಟ್ಟೆ. ಕೈಯಲ್ಲಿದ್ದ ಲುಂಗಿಯಿಂದಲೇ ಮುಖ ಒರೆಸಿಕೊಂಡೆ. ಸಂಡೂರಿನ ಅರ್ಧ ಗುಡ್ಡ ನನ್ನ ಕೆನ್ನೆಗೆ ಬಂತು.

"ಹಂಗಾದ್ರ ಒಳಗ ಬರ್ಲೇನು?"

"ಬ್ಯಾಡ್ರಿ! ಅವ್ವ ಹೇಳಿದ್ದನ್ನ ಮಲ್ಲೇಶ ಹೇಳಾಕತ್ಯಾನ. ಕೂಸಿನ ಮೂಗು ಯಾರಂಗ ಐತಿ ಅಂತ."

ಅತ್ತೆ ಕೊಟ್ರಬಸಮ್ಮನವರು ಮೊಮ್ಮಗಳ ಮೂಗಿನಿಂದ ಹೊರಟು ಹಿಮ್ಮಡಿಗೆ ಬರುವಷ್ಟರಲ್ಲಿ ಮಳೆಯೇ ಸುಸ್ತಾಗಿ ನಿಂತಿತು.

ಇದೆಲ್ಲ ಹಳೆಯ ಕಥೆ. ಆಮೇಲೆ ಶೈಲಜಾ ಓದಿ, ಪರೀಕ್ಷೆ ಬರೆದು, ತಾನೇ ಲೈಸೆನ್ಸ್ ಪಡೆದಳು. ಹೊಸ ಕೇಬಲ್ ತರುತ್ತೇನೆ ಎಂದರೆ, "ಚಲೋ ನಡದೈತಲ್ಲ, ಯಾಕ್ ಬಿಡ್ರಿ," ಎನ್ನುತ್ತಾಳೆ. ಮೊನ್ನೆ ಭಾನುವಾರ ಜೋರು ಮಳೆ. ಹೊಸಪೇಟೆಯ ಹಾಲಸ್ವಾಮಿ ಎಂಬ ಹ್ಯಾಮ್ ಗಾಳಿಯಲ್ಲಿ ಸಿಕ್ಕರು. ಪದ್ಧತಿಯಂತೆ ಶೈಲಜಾ ಹೆಸರು, ಊರು, ಸೆಟ್ಟು, ಆಂಟೆನಾ ಎಲ್ಲ ಒಪ್ಪಿಸಿದಳು. ವೈರು ಹಳೇ ಟಿ.ವಿ. ವೈರು ಎಂದಳು. ಕಿಟಕಿಯ ಹೊರಗೆ ನಿಂತಿದ್ದ ನನಗೆ ಎಲ್ಲ ಸ್ಪಷ್ಟವಾಗಿ ಕೇಳುತ್ತಿತ್ತು.

"ಮೇಡಂ, ಇಂಥ ಮಳ್ಯಾಗ ಆ ವೈರು ಹೆಂಗ ನಡೀತದ್ರಿ?" ಎಂದರು ಹಾಲಸ್ವಾಮಿ ಆಶ್ಚರ್ಯದಿಂದ.

"ಮಳಿ ಬಂದ್ರ ಅದಕ್ಕ ನಮ್ಮ ಮನಿಯವ್ರನ್ನ ಜೋಡಸ್ತೀನ್ರಿ. ಓವರ್."